ಗುಂಡನ ಪುಕ್ಕ ಪುರಾಣ

ಮೊದಲು ಸಿಕ್ಕಿದ್ದು ಒಂದೇ ಒಂದು ಪುಟ್ಟ ಹಸಿರು ಪುಕ್ಕ, ನನ್ನ ಲ್ಯಾಪ್‌ಟಾಪಿನ ಕೀಬೋರ್ಡಿನ ಮೇಲೆ. ಗಿಳಿ ಇರೋ ಮನೆಯಲ್ಲಿ ಪುಕ್ಕ ಬೀಳೋದೇನು ದೊಡ್ಡ ವಿಷಯ ಅಲ್ಲ. ಉಫ್ ಅಂತ ಊದಿ ಕಾಲ್‌ಗೆ ಕೂತೆ. ಮಾರನೇ ದಿನ ನಾಲ್ಕು ಸಿಕ್ಕವು. ವಾರದ ಕೊನೆಗೆ ನಮ್ಮನೆ ಕೆಲಸದವಳು ಕಸ ಗುಡಿಸ್ತಾ, "ಅಕ್ಕಾ, ನಿಮ್ಮ ಗಿಳಿ ಕೋಳಿ ಆಗ್ತಾ ಐತೆ ನೋಡ್ರಿ" ಅಂದಳು. ಹೋಗಿ ನೋಡಿದರೆ ಗುಂಡನ ಎದೆಯ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಪುಕ್ಕವೇ ಇಲ್ಲ. ತೆಳ್ಳಗಿನ ಬೂದು ಚರ್ಮ, ಅದರ ಕೆಳಗೆ ಪುಟಪುಟ ಅಂತ ಬಡಿದುಕೊಳ್ಳೋ ಜೀವ. ನಾನು ನೋಡ್ತಾ ಇರೋವಾಗಲೇ ಕತ್ತು ಬಗ್ಗಿಸಿ, ಇನ್ನೊಂದು ಪುಕ್ಕನ ಕೊಕ್ಕಲ್ಲಿ ಹಿಡಿದು, ಟಕ್ ಅಂತ ಕಿತ್ತು, ಅದನ್ನ ಒಂದು ಕ್ಷಣ ನೋಡಿ, ಕೆಳಗೆ ಬಿಟ್ಟ.

ಇದು 2024ರ ಜನವರಿ ಮಾತು. ಗುಂಡ ಅಂದ್ರೆ ಅಪ್ಪನ ಗಿಳಿ. ಅಪ್ಪ ಹೋಗಿ ಒಂದೂವರೆ ವರ್ಷ ಆಗಿತ್ತು. ದಾಸರಹಳ್ಳಿ ಹತ್ತಿರದ ಚೊಕ್ಕಸಂದ್ರದ ಮನೆಯನ್ನ ಬಾಡಿಗೆಗೆ ಕೊಟ್ಟು, ಅಮ್ಮನನ್ನೂ ಗುಂಡನನ್ನೂ ಕಾಡುಗೋಡಿಯಿಂದಾಚೆ ಇರೋ ನಮ್ಮ ಹನ್ನೊಂದನೇ ಮಹಡಿಗೆ ಕರ್ಕೊಂಡು ಬಂದು ಐದು ತಿಂಗಳಾಗಿತ್ತು. ಊರಿನ ಈ ತುದಿಯಿಂದ ಆ ತುದಿ. ಚೊಕ್ಕಸಂದ್ರದಿಂದ ವೈಟ್‌ಫೀಲ್ಡಿಗೆ ಬರೋದೂ ಒಂದೇ, ತುಮಕೂರಿಗೆ ಹೋಗೋದೂ ಒಂದೇ ಅಂತ ಅಪ್ಪ ಹೇಳೋರು. ಅದಕ್ಕೇ ಅಂತ ಕಾಣುತ್ತೆ, ಬದುಕಿದ್ದಾಗ ಈ ಮನೆಗೆ ಅವರು ಬಂದಿದ್ದು ಗೃಹಪ್ರವೇಶಕ್ಕೆ ಒಂದು ಸಲ ಮಾತ್ರ.

ಗುಂಡ ಸಿಕ್ಕಿದ್ದು 2009ರಲ್ಲಿ. ಅಪ್ಪ ಪೀಣ್ಯ ಎರಡನೇ ಹಂತದ ಒಂದು ಶೆಡ್‌ನಲ್ಲಿ ಪ್ಲೇಟಿಂಗ್ ಕೆಲಸದಲ್ಲಿದ್ರು. ನಟ್ಟು, ಬೋಲ್ಟು, ಕ್ಲಾಂಪು, ಸ್ಪ್ರಿಂಗು, ಏನು ಬಂದರೂ ಆಸಿಡ್‌ನಲ್ಲಿ ಅದ್ದಿ, ತೊಳೆದು, ತೊಟ್ಟಿಗೆ ಇಳಿಸಿ ಜಿಂಕ್ ಲೇಪ ಹಾಕೋದು. ಪಕ್ಕದ ಜಾಗದವರು ಹೊಸ ಶೆಡ್ ಎತ್ತೋಕೆ ಅಂತ ಒಂದು ಹಳೇ ಮರ ಕಡಿಸಿದಾಗ ಪೊಟರೆಯೊಳಗಿಂದ ಮೂರು ಮರಿ ಉರುಳಿದವಂತೆ. ಎರಡು ಅಲ್ಲೇ ಸತ್ತವು. ಮೂರನೇದನ್ನ ಅಪ್ಪ ಊಟದ ಡಬ್ಬಿಯಲ್ಲಿ ಹಾಕ್ಕೊಂಡು ಬಂದ್ರು. ಮೈಮೇಲೆ ಒಂದು ಪುಕ್ಕ ಇಲ್ಲ, ಕಣ್ಣು ಅರ್ಧ ಬಿಟ್ಟಿದೆ, ಹೊಟ್ಟೆ ಮಾತ್ರ ದಪ್ಪ. ಅದಕ್ಕೇ ಗುಂಡ. ಇಂಕ್ ಫಿಲ್ಲರ್‌ನಲ್ಲಿ ರಾಗಿ ಅಂಬಲಿ ಕುಡಿಸಿ ಬೆಳೆಸಿದ್ರು. ಮೂರನೇ ವರ್ಷಕ್ಕೆ ಕತ್ತಿಗೆ ಕಪ್ಪು-ಗುಲಾಬಿ ಉಂಗುರ ಮೂಡಿದಾಗ ಗಂಡು ಅಂತ ಖಾತ್ರಿಯಾಯ್ತು. ಹೆಸರು ಬದಲಾಯಿಸೋ ಕಷ್ಟ ತಪ್ಪಿತು ಅಂತ ಅಪ್ಪ ಆಫೀಸಿಗೆಲ್ಲ ಬೋಂಡಾ ಹಂಚಿದ್ರಂತೆ!

ಗೂಡೂ ಅಪ್ಪನೇ ಮಾಡಿದ್ದು. ಶೆಡ್‌ನ ಮೂಲೆಯಲ್ಲಿ ಬಿದ್ದಿದ್ದ ಕಂಬಿ ತುಂಡುಗಳನ್ನ ಬೆಸುಗೆ ಹಾಕಿಸಿ, ಭಾನುವಾರ ಓವರ್‌ಟೈಮಿನ ನೆಪದಲ್ಲಿ ತೊಟ್ಟಿಗೆ ಇಳಿಸಿ, ಫಳಫಳ ಹೊಳೆಯೋ ಹಾಗೆ ಜಿಂಕ್ ಹಾಕಿದ್ದು. "ಕಬ್ಬಿಣ ಗಾಳಿಗೆ ನಿಲ್ಲಲ್ಲ ಮಗಳೇ, ಅದಕ್ಕೊಂದು ಅಂಗಿ ಬೇಕು. ಜಿಂಕ್ ಏನ್ ಮಾಡುತ್ತೆ ಅಂದ್ರೆ, ತಾನು ಸವೆದು ಒಳಗಿನ ಕಬ್ಬಿಣನ ಉಳಿಸುತ್ತೆ" ಅನ್ನೋರು. ಈ ಗೂಡಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಪುಕ್ಕ ಕೀಳೋ ಸುದ್ದಿ ಹಬ್ಬಿದ್ದೇ ತಡ, ಅಪಾರ್ಟ್‌ಮೆಂಟಿನಲ್ಲಿ ಒಬ್ಬೊಬ್ಬರದೂ ಒಂದೊಂದು ವೈದ್ಯ. ಅರಿಶಿನಕ್ಕೆ ಬೇವಿನೆಣ್ಣೆ ಕಲಸಿ ಹಚ್ಚಿ ಅಂದ್ರು ಒಬ್ಬರು. ಹಚ್ಚಿದ್ವಿ. ಗುಂಡ ಆ ಎಣ್ಣೆ ತೆಗೆಯೋಕೆ ಅಂತ ಇನ್ನಷ್ಟು ಕಿತ್ತುಕೊಂಡ. ಅಮ್ಮ ಮೂರು ಸಂಜೆ ಉಪ್ಪು-ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಮೆಣಸಿನಕಾಯಿ ಹೊಗೆಗೆ ಸ್ಮೋಕ್ ಅಲಾರಂ ಹೊಡ್ಕೊಂಡು ಸೆಕ್ಯೂರಿಟಿಯವರು ಮೇಲೆ ಓಡಿ ಬಂದ್ರು. ಗುಂಡ ಆ ಅಲಾರಂ ಸದ್ದನ್ನೂ ಕಲಿತ. ಚೊಕ್ಕಸಂದ್ರದಲ್ಲಿ ಇದ್ದಷ್ಟು ದಿನ ಅವನ ಬಾಯಲ್ಲಿ ಇದ್ದಿದ್ದು ಮೂರೇ: "ಟೀ ಆಯ್ತಾ?", ಫ್ಯಾಕ್ಟರಿ ಸೈರನ್ನು, ಪವರ್ ಪ್ರೆಸ್ಸಿನ "ಠಕ್". ಇಲ್ಲಿಗೆ ಬಂದ್ಮೇಲೆ ಟೀಮ್ಸ್ ಕಾಲ್ ರಿಂಗು ಸೇರಿತ್ತು. ನನ್ನ ಗಂಡ ರಾತ್ರಿ ಎಷ್ಟು ಸಲ ಆ ಸದ್ದಿಗೆ ಓಡಿ ಹೋಗಿ ಲ್ಯಾಪ್‌ಟಾಪ್ ತೆಗೆದಿದ್ದಾನೋ ಲೆಕ್ಕವಿಲ್ಲ.

ನಾಯಿ ಬೆಕ್ಕಿಗೆ ನಮ್ಮ ಕಡೆ ಹೆಜ್ಜೆಗೊಂದು ಕ್ಲಿನಿಕ್ ಇದೆ. ಹಕ್ಕಿ ನೋಡೋರು ಕಡಿಮೆ. ಇಬ್ಬರು ಫೋನಿನಲ್ಲೇ "ಬರ್ಡ್ಸ್ ನೋಡಲ್ಲ" ಅಂದ್ರು. ಒಬ್ಬರು ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೋಗಿ ಅಂದ್ರು. ಕೊನೆಗೆ ಹಕ್ಕಿಗಳನ್ನೇ ನೋಡೋ ಒಬ್ಬ ಡಾಕ್ಟರು ಗೊತ್ತಾಗಿ, ಗುಂಡನನ್ನ ರಟ್ಟಿನ ಡಬ್ಬಕ್ಕೆ ಹಾಕ್ಕೊಂಡು ಕ್ಯಾಬ್‌ನಲ್ಲಿ ಎರಡು ಗಂಟೆ ಕೂತು ಹೋದೆ. ದಾರಿಯುದ್ದಕ್ಕೂ ಡಬ್ಬದೊಳಗಿಂದ "ಟೀ ಆಯ್ತಾ?" ಡ್ರೈವರ್ ಸಿಲ್ಕ್ ಬೋರ್ಡ್ ಹತ್ರ ಗಾಡಿ ನಿಲ್ಲಿಸಿ, "ಮೇಡಂ, ಬೇಕಾದ್ರೆ ಕುಡಿದು ಬರೋಣ" ಅಂದ.

ಡಾಕ್ಟರು ಗುಂಡನನ್ನ ಟವೆಲ್‌ನಲ್ಲಿ ಸುತ್ತಿ ಹಿಡಿದು ಮೊದಲು ನೋಡಿದ್ದು ತಲೆ. "ತಲೆ ಮೇಲಿನ ಪುಕ್ಕ ಎಲ್ಲಾ ನೆಟ್ಟಗಿದೆ ನೋಡಿ. ಅಲ್ಲಿಗೆ ಅದರ ಕೊಕ್ಕು ಎಟುಕಲ್ಲ. ರೋಗದಿಂದ ಉದುರ್ತಾ ಇದ್ದಿದ್ರೆ ತಲೆದೂ ಉದುರ್ಬೇಕಿತ್ತು. ಹಾಗಾಗಿ ಇದು ತಾನೇ ಕಿತ್ಕೊಳ್ತಿದೆ" ಅಂದ್ರು. ಇಷ್ಟು ಸರಳವಾದ ಟೆಸ್ಟ್ ಕೇಸ್ ನನಗೆ ಹೊಳೀಲಿಲ್ವಲ್ಲ ಅನ್ನಿಸ್ತು. ನಾನು ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿರೋಳು.

ಆದರೆ ತಾನೇ ಕೀಳ್ತಿದೆ ಅಂದ ಮಾತ್ರಕ್ಕೆ ಎಲ್ಲ ಮನಸ್ಸಿನದೇ ಕಾಯಿಲೆ ಅಂತ ಅಲ್ಲವಂತೆ. ಚರ್ಮದಲ್ಲಿ ಸೋಂಕು, ಹೊಟ್ಟೆಯಲ್ಲಿ ಹುಳ, ಲಿವರ್ ತೊಂದರೆ, ಒಳಗೆಲ್ಲೋ ನೋವು, ಯಾವುದಿದ್ದರೂ ಹಕ್ಕಿ ಪುಕ್ಕಕ್ಕೆ ಕೈ ಹಾಕಬಹುದು. ಕೈ ಅಲ್ಲ, ಕೊಕ್ಕು. ಅದೆಲ್ಲಾ ಇಲ್ಲ ಅಂತಾದ ಮೇಲೆ ಮನಸ್ಸಿನ ಮಾತು. ಹಿಕ್ಕೆ ಪರೀಕ್ಷೆ, ರಕ್ತ, ಎಕ್ಸ್‌ರೇ ಆಯ್ತು. ಆಫ್ರಿಕನ್ ಗ್ರೇ, ಕಾಕಟೂ ಜಾತಿಗಳಲ್ಲಿ ಈ ಚಟ ಜಾಸ್ತಿ, ನಮ್ಮ ಹಸಿರು ಗಿಳಿಗಳಲ್ಲಿ ಅಷ್ಟಾಗಿ ಕಾಣಲ್ಲ, ಅದಕ್ಕೇ ಹುಷಾರಾಗಿ ನೋಡ್ಬೇಕು ಅಂದ್ರು. ಲಿವರ್ ಅಂಕಿ ಸ್ವಲ್ಪ ಹೆಚ್ಚಿತ್ತು. ಬೇರೇನೂ ಇಲ್ಲ.

ಆಮೇಲೆ ಶುರುವಾಯ್ತು ಪ್ರಶ್ನೆ. ಏನು ತಿನ್ನುತ್ತೆ? ಚೊಕ್ಕಸಂದ್ರದಲ್ಲಿ ಸೀಬೆಹಣ್ಣು, ನುಗ್ಗೆಸೊಪ್ಪು, ಹಸಿಮೆಣಸಿನಕಾಯಿ, ಅಪ್ಪನ ತಟ್ಟೆಯ ಮುದ್ದೆ ಚೂರು. ಇಲ್ಲಿ? ನಾನು ಆನ್‌ಲೈನ್‌ನಲ್ಲಿ ತರಿಸಿದ 'ಪ್ಯಾರಟ್ ಮಿಕ್ಸ್'. ಅದರಲ್ಲಿ ಮುಕ್ಕಾಲು ಪಾಲು ಸೂರ್ಯಕಾಂತಿ ಬೀಜ. ಬರೀ ಕೊಬ್ಬು, 'ಎ' ವಿಟಮಿನ್ನಿಗೂ ಕ್ಯಾಲ್ಸಿಯಂಗೂ ಬರ. ದಿನಾ ಚಿಪ್ಸ್ ತಿನ್ಸಿದ ಹಾಗೆ ಅಂದ್ರು. ಬಿಸಿಲು? ಹಾಲ್‌ನ ಗಾಜಿನ ಪಕ್ಕ ಚೆನ್ನಾಗಿ ಬೀಳುತ್ತೆ ಸರ್. ಗಾಜು ದಾಟಿ ಬಂದ ಬಿಸಿಲಿನಲ್ಲಿ ಹಕ್ಕಿಗೆ ಬೇಕಾದ ಕಿರಣ ಬರಲ್ಲಮ್ಮ. ಸ್ನಾನ? ಇಲ್ಲ. ರಾತ್ರಿ ಎಷ್ಟು ಗಂಟೆಗೆ ಮಲಗುತ್ತೆ?

ಇಲ್ಲಿ ನಾನು ಸುಮ್ಮನಾದೆ. ಗೂಡು ಇರೋದು ಟಿವಿ ಪಕ್ಕ. ಅಮ್ಮನ ಸೀರಿಯಲ್ಲು ಹತ್ತರವರೆಗೆ. ಗಂಡನ ಅಮೆರಿಕ ಕಾಲು ಹನ್ನೊಂದೂವರೆವರೆಗೆ, ಅದೂ ಹಾಲ್‌ನಲ್ಲಿ ಓಡಾಡ್ಕೊಂಡೇ ಮಾತಾಡಬೇಕು ಅವನಿಗೆ. ಎದುರಿಗೆ ಏಳ್ತಾ ಇರೋ ಹೊಸ ಟವರಿನ ಫ್ಲಡ್‌ಲೈಟು ಬೆಳಗಿನವರೆಗೆ. ಸೂರ್ಯ ಮುಳುಗಿದ ಕೂಡಲೇ ಮರ ಸೇರಿ ಹನ್ನೆರಡು ಗಂಟೆ ಕತ್ತಲಲ್ಲಿ ಇರಬೇಕಾದ ಜೀವ, ಐದು ತಿಂಗಳಿಂದ ನಮ್ಮ ಜೊತೆ ನೈಟ್ ಶಿಫ್ಟ್ ಮಾಡ್ತಿತ್ತು.

ಕೊನೆಯ ಪ್ರಶ್ನೆ: "ಗೂಡಿನ ಫೋಟೋ ಇದ್ಯಾ?"

ಮೊಬೈಲ್‌ನಲ್ಲಿ ತೋರಿಸಿದೆ. ಅವರು ಎರಡು ಬೆರಳಲ್ಲಿ ಹಿಗ್ಗಿಸಿ ಮೂಲೆಗಳನ್ನ ನೋಡಿದ್ರು. ಕಂಬಿ ಸೇರೋ ಜಾಗದಲ್ಲಿ ಸುಣ್ಣದ ಪುಡಿಯಂಥ ಬಿಳಿ. ನಾನು ಅದನ್ನ ಹಿಕ್ಕೆ ಅಂದ್ಕೊಂಡಿದ್ದೆ.

"ಇದು ಜಿಂಕ್ ಅಲ್ವಾ?"

ಗಿಳಿ ಗೂಡಲ್ಲಿ ಓಡಾಡೋದು ಎರಡು ಕಾಲಲ್ಲಿ ಅಲ್ಲ, ಕೊಕ್ಕು ಸೇರಿ ಮೂರು ಕಾಲಲ್ಲಿ. ಪ್ರತಿ ಹೆಜ್ಜೆಗೂ ಕಂಬಿ ಕಚ್ಚುತ್ತೆ, ಬೇಜಾರಾದ್ರೆ ಕೆರೆಯುತ್ತೆ. ಜಿಂಕಿನ ಚೂರು ಹೊಟ್ಟೆಗೆ ಹೋದ್ರೆ ಅಲ್ಲಿನ ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುತ್ತೆ. ಜಾಸ್ತಿ ಆದ್ರೆ ಸಾಯೋದೂ ಉಂಟು. ಸ್ವಲ್ಪಸ್ವಲ್ಪ ಸೇರ್ತಾ ಇದ್ರೆ ನೀರು ಹೆಚ್ಚು ಕುಡಿಯೋದು, ಮಂಕಾಗೋದು. ಪುಕ್ಕ ಕೀಳೋದಕ್ಕೂ ಇದಕ್ಕೂ ಸಂಬಂಧ ಇದೆ ಅನ್ನೋದು ಕೆಲವರ ಅನುಮಾನ, ಎಲ್ಲರೂ ಒಪ್ಪಲ್ಲ ಅಂದ್ರು. "ಎಕ್ಸ್‌ರೇನಲ್ಲಿ ಲೋಹದ ಚೂರು ಕಾಣ್ತಿಲ್ಲ. ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ರಕ್ತದಲ್ಲಿ ನೋಡೋಣ ಅಂದ್ರೆ ಅದಕ್ಕೆ ಬೇರೇನೇ ಟ್ಯೂಬ್ ಬೇಕು. ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳದಲ್ಲೇ ಜಿಂಕ್ ಇರುತ್ತೆ. ಅದೆಲ್ಲ ಆಮೇಲೆ. ಮೊದಲು ಗೂಡು ಬದಲಾಯಿಸಿ."

"ಸರ್, ಅದೇ ಗೂಡಲ್ಲಿ ಹದಿನಾಲ್ಕು ವರ್ಷ ಚೆನ್ನಾಗೇ ಇತ್ತು."

"ಆಗ ಅದಕ್ಕೆ ಕಂಬಿ ಕಚ್ಚೋಕೆ ಪುರುಸೊತ್ತು ಇರ್ಲಿಲ್ವೇನೋ."

ಬಿಲ್ ಕಟ್ಟೋ ಹೊತ್ತಿಗೆ, ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದ್ರು. ಇದು ನಮ್ಮ ದೇಶದ ಗಿಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮನೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲ. 2022ರ ತಿದ್ದುಪಡಿ ಆದ್ಮೇಲೆ ಎರಡನೇ ಶೆಡ್ಯೂಲ್‌ನಲ್ಲಿದೆ. ದಂಡವೂ ಇದೆ, ಜೈಲೂ ಇದೆ. "ಈಗ ಗುಣ ಮಾಡೋಣ. ಆದ್ರೆ ಯೋಚನೆ ಮಾಡಿ."

ನಿಜ ಹೇಳ್ತೀನಿ, ನನಗೆ ಗೊತ್ತಿರ್ಲಿಲ್ಲ ಅಂತಲ್ಲ. ಗೊತ್ತಿತ್ತು. ಆದ್ರೆ ಕಾನೂನು ಅನ್ನೋದು ಗೂಡಲ್ಲಿ ಹಿಡಿದು ಮಾರೋರಿಗೆ, ಬಿದ್ದ ಮರಿ ಎತ್ಕೊಂಡು ಬಂದ ಅಪ್ಪನಂಥೋರಿಗಲ್ಲ ಅಂತ ನನ್ನ ಪಾಡಿಗೆ ನಾನೇ ತೀರ್ಪು ಕೊಟ್ಕೊಂಡಿದ್ದೆ. ನಮ್ಮ ಮೇಲಿನ ಮಹಡಿಯವರ ಹತ್ರ ಆಫ್ರಿಕನ್ ಗ್ರೇ ಇದೆ. ಅದಕ್ಕೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟ್ರೇಷನ್ ಮಾಡಿಸಿದ್ದಾರೆ, ಕಾಗದ ಎಲ್ಲ ಸರಿ ಇದೆ. ಕಾಂಗೋ ಕಾಡಿನ ಗಿಳಿ ವೈಟ್‌ಫೀಲ್ಡಿನಲ್ಲಿ ಅಧಿಕೃತ, ಪೀಣ್ಯದ ಮರದ ಗಿಳಿ ಕಳ್ಳಮಾಲು! ಇದನ್ನ ಹೇಳ್ಕೊಂಡು ನಾಲ್ಕು ಜನರ ಹತ್ರ ನಗಾಡಿದ್ದೀನಿ. ಆಮೇಲೆ ಯೋಚನೆ ಮಾಡಿದ್ರೆ ನಗು ಅಷ್ಟಾಗಿ ಬರಲ್ಲ. ಹಸಿರು ಗಿಳಿಯನ್ನ ಯಾರೂ ಫಾರಂನಲ್ಲಿ ಬೆಳೆಸಿ ತರಲ್ಲ. ಗೂಡಲ್ಲಿ ಕೂತಿರೋ ಪ್ರತಿಯೊಂದೂ ಯಾವುದೋ ಪೊಟರೆಗೆ ಕೈ ಹಾಕಿ ಎಳೆದಿದ್ದೇ. ಒಂದನ್ನ 'ಬಿದ್ದಿದ್ದು' ಅಂತ ಬಿಟ್ಟರೆ ಊರಲ್ಲಿರೋದೆಲ್ಲ ಬಿದ್ದಿದ್ದೇ ಆಗುತ್ತೆ.

ಅಮ್ಮನಿಗೆ ಕಾನೂನಿನ ಭಾಗ ಹೇಳಿದೆ. ಅದರ ಪ್ರಕಾರ ಗುಂಡ ಸರ್ಕಾರದ ಸ್ವತ್ತು ಅಂದಾಗ ಅಮ್ಮ, "ಸರ್ಕಾರ ಯಾವತ್ತಾದ್ರೂ ಒಂದು ಮೆಣಸಿನಕಾಯಿ ತಂದ್ಕೊಟ್ಟಿದ್ಯಾ ಇದಕ್ಕೆ?" ಅಂದಳು. ಗೂಡಿನ ಭಾಗ ಹೇಳಲಿಲ್ಲ. ಹೇಳೋದು ಹೇಗೆ? ಮೂವತ್ತು ವರ್ಷ ಆಸಿಡ್ ಹೊಗೆ ಕುಡಿದು, ಕಲಿತ ಒಂದೇ ವಿದ್ಯೆಯನ್ನ ಪ್ರೀತಿಗೆ ಹಾಕಿ ಮಾಡಿದ ಗೂಡು. ಅದೇ ವಿಷ ಇದ್ದರೂ ಇರಬಹುದಮ್ಮ ಅಂತ ಹೇಳಲಾ? "ಇದು ಚಿಕ್ಕದಾಯ್ತಂತೆ, ದೊಡ್ಡ ಗೂಡು ಬೇಕಂತೆ" ಅಂದೆ. ಅವತ್ತು ರಾತ್ರಿ ಬಾಲ್ಕನಿಯಲ್ಲಿ ನಿಂತು ತುಮಕೂರಿನ ಅಕ್ಕನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳ್ಕೊಂಡೆ. ಅಕ್ಕ ಎಲ್ಲ ಕೇಳಿ, "ಪುಕ್ಕ ಕಿತ್ಕೊಳ್ತಿರೋದು ಗಿಳಿ ಅಲ್ಲ ಕಣೇ, ಅಮ್ಮ. ನಿಂಗೆ ಕಾಣ್ತಿಲ್ಲ ಅಷ್ಟೇ" ಅಂದಳು. ನನಗೆ ಸಿಟ್ಟು ಬಂತು. ನಿನ್ನ ಮನೆಗೆ ಕರ್ಕೊಂಡು ಹೋಗು ಹಾಗಾದ್ರೆ ಅಂದೆ. ಇಬ್ಬರೂ ಹತ್ತು ದಿನ ಮಾತಾಡಲಿಲ್ಲ. ಎಲ್ಲಾದಕ್ಕೂ ಇನ್ನೊಂದರ ಅರ್ಥ ಹಚ್ಚೋ ಈ ಚಟ ನಮ್ಮಕ್ಕನಿಗೆ ಸಾಹಿತ್ಯ ಎಂಎ ಮಾಡಿದಾಗಿನಿಂದ ಇದೆ.

ಸ್ಟೇನ್‌ಲೆಸ್ ಸ್ಟೀಲ್ ಗೂಡು ಅಂಗಡಿಯಲ್ಲಿ ಸಿಗುತ್ತೆ, ಬೆಲೆ ಕೇಳಿ ವಾಪಸ್ ಬಂದೆ. ಪೀಣ್ಯದಲ್ಲಿ ಹುಟ್ಟಿ ಬೆಳೆದೋಳು ಅಂಗಡಿಯಲ್ಲಿ ಗೂಡು ಕೊಳ್ಳೋದಾ? ಒಂದು ಶನಿವಾರ ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಬಿಟ್ಟು ಹಸಿರು ಹಿಡಿದು, ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿದೆ. ಇಳಿದ ಕೂಡಲೇ ಆ ವಾಸನೆ: ಕಟಿಂಗ್ ಆಯಿಲ್ಲು, ಸುಟ್ಟ ಕಬ್ಬಿಣ, ಎಲ್ಲೋ ಕುದೀತಿರೋ ಚಹಾ. ಅಪ್ಪನ ಅಂಗಿಯ ವಾಸನೆ ಅಂದ್ಕೊಂಡಿದ್ದೆ ಚಿಕ್ಕವಳಾಗಿದ್ದಾಗ. ಅಪ್ಪಂದಲ್ಲ, ಊರಿಂದು.

ಅಪ್ಪನ ಜೊತೆ ಕೆಲಸ ಮಾಡ್ತಿದ್ದ ಒಬ್ಬರು ಈಗ ಸ್ವಂತ ಫ್ಯಾಬ್ರಿಕೇಷನ್ ಶೆಡ್ ಇಟ್ಟಿದ್ದಾರೆ. ನನಗೆ ಮಾವ. ಕೂರಿಸಿ, ಬೈಟು ಕಾಫಿ ತರಿಸಿ, ವಿಷಯ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮಪ್ಪ ಆ ಗೂಡನ್ನ ಎರಡು ಸಲ ತೊಟ್ಟಿಗೆ ಇಳ್ಸಿದ್ದ ಕಣವ್ವಾ. ಒಂದು ಸಲಕ್ಕೆ ಸಮಾಧಾನ ಆಗ್ಲಿಲ್ಲ. ಮಾಮೂಲಿ ಮಾಲಿಗೆ ಎಂಟು ಮೈಕ್ರಾನ್ ಹಾಕ್ತಿದ್ರೆ ಇದಕ್ಕೆ ದುಪ್ಪಟ್ಟು ಹಾಕ್ದ. ಸೂಪರ್‌ವೈಸರ್ ಬೈದ್ರೂ ಕೇಳ್ಲಿಲ್ಲ" ಅಂದ್ರು. ನಾನು ಕಾಫಿ ಲೋಟ ನೋಡ್ತಾ ಕೂತೆ. ಮಾವ ಗ್ರೇಡ್ 304 ಸ್ಟೀಲಿನ ಕಂಬಿ ತೆಗೆದು ಅಳತೆ ಗುರುತು ಹಾಕೋಕೆ ಶುರು ಮಾಡಿದ್ರು. ಉದ್ದ ಮೂರಡಿ, ಎತ್ತರ ನಾಲ್ಕಡಿ. ಲೇಪ ಇಲ್ಲ, ಪೇಂಟ್ ಇಲ್ಲ. ಮಜೂರಿ ಎಷ್ಟು ಅಂತ ಎಷ್ಟು ಕೇಳಿದ್ರೂ ಹೇಳಲಿಲ್ಲ, ಸ್ಟೀಲಿನ ದುಡ್ಡು ಮಾತ್ರ ತಗೊಂಡ್ರು.

ಹೊಸ ಗೂಡು ಬಂದ ದಿನ ಅಮ್ಮ ಹಳೆಯದನ್ನ ಬಾಲ್ಕನಿಗೆ ಎತ್ತಿಡ್ತಾ ಒಂದು ಮಾತು ಹೇಳಿದಳು. "ನಿಮ್ಮಪ್ಪ ದಿನಾ ರಾತ್ರಿ ಇದನ್ನ ಒಣಬಟ್ಟೆಲಿ ಒರೆಸೋರು. ನೀರು ನಿಂತ್ರೆ ಬಿಳೀ ತುಕ್ಕು ಬರುತ್ತೆ ಅನ್ನೋರು. ಇಲ್ಲಿಗೆ ಬಂದ್ಮೇಲೆ ನಾನು ಒರೆಸ್ಲೇ ಇಲ್ಲ."

ಬಾಲ್ಕನಿಯ ಪಕ್ಕದ್ದೇ ಅಮ್ಮನ ರೂಮು. ಫೋನಿನಲ್ಲಿ ಆಡಿದ್ದು ಅವಳಿಗೆ ಕೇಳಿಸಿತ್ತು. ಏನು ಹೇಳಬೇಕೋ ತಿಳೀದೆ, "ಚಿಕ್ಕದಾಗಿತ್ತು ಅಷ್ಟೇ ಅಮ್ಮ" ಅಂತ ಅದೇ ಸುಳ್ಳನ್ನ ಇನ್ನೊಂದು ಸಲ ಹೇಳಿದೆ. ಅವಳು "ಹೂಂ" ಅಂದಳು.

ಮುಂದಿನ ಮೂರು ತಿಂಗಳು ನಮ್ಮ ಮನೆ ಗಿಳಿ ಟೈಮ್‌ಟೇಬಲ್ ಪ್ರಕಾರ ನಡೀತು. ಗೂಡು ಹಾಲ್‌ನಿಂದ ಅಮ್ಮನ ರೂಮಿಗೆ ಹೋಯ್ತು. ಸಂಜೆ ಆರೂವರೆಗೆ ದಪ್ಪ ಪರದೆ ಎಳೆದು ದೀಪ ಆರಿಸೋದು. ಸೀರಿಯಲ್ಲನ್ನ ಅಮ್ಮ ಮಾರನೇ ಮಧ್ಯಾಹ್ನ ಮೊಬೈಲ್‌ನಲ್ಲಿ ನೋಡೋಕೆ ಕಲಿತಳು. ಗಂಡನ ಅಮೆರಿಕ ಕಾಲು ಬಾಗಿಲು ಮುಚ್ಚಿದ ರೂಮಿಗೆ. ಬೆಳಗ್ಗೆ ಏಳರಿಂದ ಎಂಟು, ಬಾಲ್ಕನಿಯಲ್ಲಿ ಗಾಜಿಲ್ಲದ ಬಿಸಿಲು. ವಾರಕ್ಕೆ ಮೂರು ದಿನ ಇಸ್ತ್ರಿಗೆ ನೀರು ಚಿಮುಕಿಸೋ ಬಾಟಲಿಯಲ್ಲಿ ಸ್ನಾನ. ಮೊದಲ ಸಲ ಕಿರುಚಿ ರಂಪ ಮಾಡಿದ, ಮೂರನೇ ಸಲಕ್ಕೆ ರೆಕ್ಕೆ ಅಗಲಿಸಿ ನಿಂತ. ಸೂರ್ಯಕಾಂತಿ ಬಂದ್. ನುಗ್ಗೆಸೊಪ್ಪು, ಕ್ಯಾರೆಟ್ಟು, ಸೀಬೆ, ಹಸಿಮೆಣಸಿನಕಾಯಿ, ಡಾಕ್ಟರು ಬರೆದುಕೊಟ್ಟ ಪೆಲೆಟ್ಟು ಚೂರು. ಬೀಜದ ಚಟ ಬಿಡಿಸೋದು ಮಾವನವರಿಗೆ ಬೀಡಿ ಬಿಡಿಸಿದಷ್ಟೇ ಕಷ್ಟವಾಯ್ತು, ಅದನ್ನ ಬರೆಯೋಕೆ ಹೋದ್ರೆ ಬೇರೆ ಲೇಖನವೇ ಆಗುತ್ತೆ. ನಾನ್‌ಸ್ಟಿಕ್ ತವಾನೂ ಹೊರಗೆ ಹೋಯ್ತು. ಅತಿಯಾಗಿ ಕಾದ್ರೆ ಅದರಿಂದ ಬರೋ ಹೊಗೆ ಮನುಷ್ಯರಿಗೆ ಗೊತ್ತಾಗೋ ಮೊದಲೇ ಹಕ್ಕಿಯನ್ನ ಕೊಲ್ಲುತ್ತೆ. "ಕಬ್ಬಿಣದ ಕಾವಲಿ ತಗೋ ಅಂತ ನಾನು ಬಡ್ಕೊಂಡೆ, ನನ್ನ ಮಾತು ಕೇಳ್ದೋರು ಗಿಳಿ ಮಾತು ಕೇಳಿದ್ರಿ" ಅಂತ ಅಮ್ಮ ಗೆದ್ದಳು.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅಂತ ನನಗನ್ನಿಸೋದು ಊಟ ಬಚ್ಚಿಡೋ ಆಟ. ಕಾಡಿನ ಗಿಳಿ ಹೊಟ್ಟೆಪಾಡಿಗೆ ಗಂಟೆಗಟ್ಟಲೆ ಅಲೆಯುತ್ತೆ, ಹುಡುಕುತ್ತೆ, ಸಿಪ್ಪೆ ಬಿಡಿಸುತ್ತೆ. ಗೂಡಿನ ಗಿಳಿಗೆ ಬಟ್ಟಲಲ್ಲಿ ಹಾಕಿ ಮುಂದಿಟ್ರೆ ಹತ್ತು ನಿಮಿಷದಲ್ಲಿ ಊಟ ಮುಗೀತು, ಉಳಿದ ದಿನ ಏನು ಮಾಡಬೇಕು? ಇದ್ದದ್ದು ಒಂದೇ ಬಿಡಿಸೋ ಪದಾರ್ಥ, ಅದರ ಮೈ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಅಮೆಜಾನ್ ಜಾತಿಯ ಎಳೇ ಗಿಳಿಗಳ ಮೇಲೆ ಇದನ್ನ ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದ್ದಾರೆ. ಊಟಕ್ಕಾಗಿ ಕಷ್ಟಪಡೋ, ಹತ್ತೋ ಇಳಿಯೋ ವ್ಯವಸ್ಥೆ ಇದ್ದ ಗೂಡಿನ ಗಿಳಿಗಳು ಪುಕ್ಕ ಉಳಿಸ್ಕೊಂಡವು, ಬರಿಗೂಡಿನವು ಕಿತ್ಕೊಂಡವು. ಕಿತ್ಕೊಂಡವನ್ನ ಆಮೇಲೆ ಒಳ್ಳೇ ಗೂಡಿಗೆ ಹಾಕಿದಾಗ ಸುಧಾರಿಸಿದವು. ನಮ್ಮಮ್ಮನಿಗೆ ಇದನ್ನ ಹೇಳಿದ್ದೇ ತಡ, ಅವಳು ಆ ವಿಶ್ವವಿದ್ಯಾಲಯಕ್ಕೇ ಪಾಠ ಹೇಳೋ ಮಟ್ಟಕ್ಕೆ ಹೋದಳು. ಮುತ್ತುಗದ ಎಲೆಯಲ್ಲಿ ಕ್ಯಾರೆಟ್ ಚೂರು ಕಟ್ಟಿ ಪೊಟ್ಟಣ. ತೆಂಗಿನಕಾಯಿ ನಾರಿನೊಳಗೆ ಪೆಲೆಟ್. ಬಟಾಣಿ ಕಾಯಿ ಬಿಡಿಸದೆ ಹಾಗೇ. ಮುಸುಕಿನ ಜೋಳ ಮುಸುಕಿನ ಸಮೇತ. ಬೇವಿನ ಕಡ್ಡಿ ಕಂತೆ. ಬೆಳಗ್ಗೆ ಸೊಪ್ಪು ತರೋಕೆ ಚನ್ನಸಂದ್ರದ ಕಡೆ ನಡೀತಾ ಹೋಗಿ, ದಾರಿಯಲ್ಲಿ ಬಿದ್ದ ಕಾಯಿ ಕಡ್ಡಿ ಆರಿಸ್ಕೊಂಡು, ಸೊಪ್ಪಿನವಳ ಹತ್ರ ಅರ್ಧ ಗಂಟೆ ಮಾತಾಡ್ಕೊಂಡು ಬರೋಳು. ಅಕ್ಕನಿಗೆ ಇದನ್ನ ನಾನು ಹೇಳಿಲ್ಲ. ಹೇಳಿದ್ರೆ "ನೋಡಿದ್ಯಾ?" ಅಂತಾಳೆ.

ಮಾರ್ಚ್ ಹೊತ್ತಿಗೆ ಎದೆಯ ಮೇಲೆ ಮುಳ್ಳುಮುಳ್ಳಾಗಿ ಹೊಸ ಪುಕ್ಕ ಎದ್ದವು. ಎಳೇ ಪುಕ್ಕದೊಳಗೆ ರಕ್ತ ಇರುತ್ತೆ, ಆಗ ಕಿತ್ಕೊಂಡ್ರೆ ಅಪಾಯ ಅಂತ ಡಾಕ್ಟರು ಹೇಳಿದ್ರಿಂದ ನಾವು ಮೂರೂ ಜನ ಸರದಿಯಲ್ಲಿ ಕಾವಲು ಕೂತ್ವಿ. ಕಿತ್ಕೊಳ್ಳಲಿಲ್ಲ. ಏಪ್ರಿಲ್‌ನಲ್ಲಿ ಎದೆ ಪೂರ್ತಿ ಹಸಿರಾಯ್ತು. ಯಾವುದರಿಂದ? ಗೊತ್ತಿಲ್ಲ. ಒಂದೇ ರಿಲೀಸ್‌ನಲ್ಲಿ ಆರು ಬದಲಾವಣೆ ಹಾಕಿದ್ರೆ ಬಗ್ ಯಾವುದಕ್ಕೆ ಹೋಯ್ತು ಅಂತ ಯಾವ ಟೆಸ್ಟರ್ರೂ ಹೇಳಲಾರ. ನನ್ನ ತಂಡದ ಹುಡುಗರು ಹೀಗೆ ಮಾಡಿದ್ರೆ ನಾನೇ ಬೈತೀನಿ. ಜಿಂಕ್ ಟೆಸ್ಟ್ ಮಾಡಿಸೋಣ್ವಾ ಅಂತ ಡಾಕ್ಟರು ಕೇಳಿದಾಗ ಬೇಡ ಸರ್ ಅಂದೆ. ಗೂಡು ಹೇಗೂ ಬದಲಾಗಿದೆ. ಹಕ್ಕಿ ಹೇಗೂ ಗುಣವಾಗಿದೆ. ರಿಪೋರ್ಟ್‌ನಲ್ಲಿ ಒಂದು ಅಂಕಿ ಬಂದ್ರೆ ಅದು ಅಪ್ಪನ ಹೆಸರಿನ ಪಕ್ಕ ಕೂರುತ್ತೆ, ಆಮೇಲೆ ಏಳಲ್ಲ.

ಎಡ ರೆಕ್ಕೆಯ ಭುಜದಲ್ಲಿ ಮಾತ್ರ ಪುಕ್ಕ ಬರಲೇ ಇಲ್ಲ. ಒಂದೇ ಜಾಗದಲ್ಲಿ ಮತ್ತೆಮತ್ತೆ ಕಿತ್ರೆ ಪುಕ್ಕದ ಬೇರೇ ಸತ್ತುಹೋಗುತ್ತಂತೆ. ಹಾರ್ತಾನೆ, ಆದರೆ ಓರೆಯಾಗಿ. ಹಾಲ್‌ನಲ್ಲಿ ಸೋಫಾದಿಂದ ಹೊರಟು ಫ್ರಿಜ್ಜಿಗೆ ಗುರಿ ಇಟ್ಟರೆ ದೇವರಮನೆ ಬಾಗಿಲಲ್ಲಿ ಇಳೀತಾನೆ.

ಸಂಜೆ ಐದೂವರೆಗೆ ನಮ್ಮ ಬಾಲ್ಕನಿ ಮುಂದೆ ಕಾಡು ಗಿಳಿಗಳ ಹಿಂಡು ಹೋಗುತ್ತೆ. ಇಪ್ಪತ್ತೋ ಮೂವತ್ತೋ, ಕ್ರೀ ಕ್ರೀ ಅಂತ ಗಲಾಟೆ ಮಾಡ್ಕೊಂಡು, ಟವರ್‌ಗಳ ಸಂದಿಯಲ್ಲಿ ಹಸಿರು ಗೀರು ಎಳೆದ ಹಾಗೆ. ಹುಷಾರಿಲ್ಲದಾಗ ಗುಂಡ ಅದನ್ನ ಗಮನಿಸ್ತಿರಲಿಲ್ಲ. ಈಗ ಐದಕ್ಕೇ ಗೂಡಿನ ಆ ಮೂಲೆ ಸೇರಿ ಕಾಯೋಕೆ ಶುರು ಮಾಡಿದ. ಹಿಂಡು ಬಂದಾಗ ಅವನೂ ಕೂಗ್ತಾನೆ. ಆದರೆ ಅವನಿಗೆ ಬರೋ ಕೂಗು ಯಾವುದು? ಪೀಣ್ಯದ ಸೈರನ್ನು. ಅವು ತಿರುಗಿ ನೋಡದೆ ಹೋಗ್ತಿದ್ವು.

ಡಾಕ್ಟರ ಮಾತನ್ನ ನಾನು ಮುಂದೂಡ್ತಾ ಬಂದೆ. ಚಳಿ ಮುಗೀಲಿ, ಪುಕ್ಕ ಬರ್ಲಿ, ಅಪ್ಪನ ವರ್ಷದ ಕಾರ್ಯ ಆಗ್ಲಿ. ಬೆಂಗಳೂರಲ್ಲಿ ಇಂಥ ಹಕ್ಕಿಗಳನ್ನ ತಗೊಂಡು ನೋಡ್ಕೊಳ್ಳೋರು ಇಲ್ಲದೇ ಇಲ್ಲ. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ಅರಣ್ಯ ಇಲಾಖೆಗೆ ತಿಳಿಸಿದ್ರೂ ಆಗುತ್ತೆ. ನಾವು ಯಾರಿಗೆ ಕೊಟ್ವಿ ಅನ್ನೋದು ಇಲ್ಲಿ ಬೇಡ. ಒಂದು ದಿನ ಧೈರ್ಯ ಮಾಡಿ ಫೋನ್ ಮಾಡಿದೆ. ಬೈತಾರೇನೋ ಅಂತ ಹೆದರಿದ್ದೆ, ಬೈಯ್ಯಲಿಲ್ಲ. ಎಷ್ಟು ವರ್ಷ, ಏನು ತಿನ್ನುತ್ತೆ, ಹಾರುತ್ತಾ, ಮನುಷ್ಯರ ಮೇಲೆ ಕೂರುತ್ತಾ ಕೇಳಿದ್ರು. ರೆಕ್ಕೆ ಹೀಗಿದ್ರೆ ಆಚೆ ಬಿಡೋಕಾಗಲ್ಲ, ಬೇಗ ಯಾವುದಾದರೂ ಹದ್ದಿನ ಪಾಲಾಗುತ್ತೆ. ಆದ್ರೆ ದೊಡ್ಡ ಬಲೆಮನೆಯಲ್ಲಿ ಬೇರೆ ಗಿಳಿಗಳ ಜೊತೆ ಇರಬಹುದು ಅಂದ್ರು. ನೋಡೋಕೆ ಬರಬಹುದಾ ಅಂದೆ. ಮನುಷ್ಯರ ರೂಢಿ ಬಿಡಿಸೋಕೆ ನೋಡ್ತೀವಿ, ಬರದೇ ಇದ್ರೆ ಒಳ್ಳೇದು ಅಂದ್ರು.

ಅಮ್ಮನಿಗೆ ಹೇಳೋಕೆ ಎರಡು ದಿನ ತಗೊಂಡೆ. ಅಳ್ತಾಳೆ, ಜಗಳ ಆಡ್ತಾಳೆ, ನಾನೂ ಗುಂಡನೂ ಚೊಕ್ಕಸಂದ್ರಕ್ಕೆ ಹೋಗ್ತೀವಿ ಅಂತಾಳೆ. ಎಲ್ಲದಕ್ಕೂ ಉತ್ತರ ರೆಡಿ ಮಾಡ್ಕೊಂಡಿದ್ದೆ. ಅಮ್ಮ ಸೊಪ್ಪು ಬಿಡಿಸ್ತಾ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಎಷ್ಟು ಗಿಳಿ ಇದಾವಂತೆ?"

"ತುಂಬಾ ಇದಾವಂತೆ ಅಮ್ಮ."

"ಹಂಗಾದ್ರೆ ಕೊಡು."

ನನ್ನ ಉತ್ತರಗಳೆಲ್ಲ ಬಾಯಲ್ಲೇ ಉಳಿದವು. "ನಿಂಗೆ ಬೇಜಾರಾಗಲ್ವಾ?" ಅಂದೆ. "ಆಗುತ್ತೆ. ಅದಕ್ಕೇನೀಗ? ನಂಗಾದ್ರೆ ಸೊಪ್ಪಿನವಳು ಸಿಕ್ಕಿದ್ಲು. ಅದಕ್ಕೆ ಯಾರಿದಾರೆ, ದಿನಾ ಕಿಟಕೀಲಿ ನಿಂತು ಕಿರುಚ್ತಾ ಇರುತ್ತೆ" ಅಂದಳು. ಆಮೇಲೆ, "ಮುಂದೂಡ್ತಾ ಇದ್ದಿದ್ದು ನೀನು ಕಣೇ, ನಾನಲ್ಲ" ಅಂತ ಸೇರಿಸಿದಳು.

ಕೊಡೋ ದಿನ ಅಮ್ಮ ಬರಲಿಲ್ಲ. ಎಲೆಪೊಟ್ಟಣ ಏಳು ಕಟ್ಟಿ ಕೊಟ್ಟಳು. ಅಲ್ಲಿನ ಹುಡುಗಿ ಅದನ್ನ ತೆರೆದು ನೋಡಿ, ಯಾರು ಮಾಡಿದ್ದು ಅಂತ ಕೇಳಿ, ಒಂದು ಪೊಟ್ಟಣದ ಫೋಟೋ ತೆಗೆದುಕೊಂಡಳು. ಬೇರೆ ಗಿಳಿಗಳ ಜೊತೆ ಬಿಡೋಕೆ ಮುಂಚೆ ಗುಂಡನನ್ನ ಕೆಲವು ವಾರ ಪ್ರತ್ಯೇಕ ಇಡ್ತಾರಂತೆ, ರೋಗ ಏನಾದ್ರೂ ಇದ್ರೆ ಅಂತ. ಡಬ್ಬ ಅವಳ ಕೈಗೆ ಹೋದಾಗ ಒಳಗಿಂದ "ಟೀ ಆಯ್ತಾ?" ಕೇಳಿತು. ಅವಳು ನಕ್ಕಳು. ನಾನು ಕಾರಿಗೆ ಬಂದು ಕೂತು ತುಂಬ ಹೊತ್ತಾದ ಮೇಲೆ ಸ್ಟಾರ್ಟ್ ಮಾಡಿದೆ.

ಎರಡು ತಿಂಗಳಾದ ಮೇಲೆ ಅವರೇ ಒಂದು ಮೆಸೇಜು ಹಾಕಿದ್ರು: ಹಿಂಡಿಗೆ ಬಿಟ್ಟಿದ್ದೀವಿ, ಚೆನ್ನಾಗಿ ತಿಂತಿದೆ. ಅದರ ಕೆಳಗೆ ಇನ್ನೊಂದು ಸಾಲು. ಈಗ ಇಲ್ಲಿ ನಾಲ್ಕು ಗಿಳಿ ಸೈರನ್ ಹೊಡೀತಾವೆ ಮೇಡಂ.

ಸ್ಟೀಲಿನ ಗೂಡನ್ನ ಅವರಿಗೇ ಕೊಟ್ವಿ, ಗಾಯವಾದ ಹಕ್ಕಿ ಇಡೋಕೆ ಆಗುತ್ತೆ ಅಂದ್ರು. ಅಪ್ಪನ ಗೂಡು ಬಾಲ್ಕನಿಯಲ್ಲೇ ಉಳಿಯಿತು. ಕೆಳಗಿನ ಮಹಡಿಯವರು ಬಂದು, "ಖಾಲಿ ಇದ್ಯಲ್ಲ, ಕೊಡ್ತೀರಾ? ಯಾರೋ ಒಂದು ಜೊತೆ ಹಸಿರು ಗಿಳಿ ತಂದ್ಕೊಡ್ತೀನಿ ಅಂದಿದ್ದಾರೆ, ಮಗಳಿಗೆ ಬರ್ತ್‌ಡೇಗೆ" ಅಂದ್ರು. ನಾನು ಕಾಯ್ದೆ, ಶೆಡ್ಯೂಲು, ಪೊಟರೆ ಅಂತ ಉಪನ್ಯಾಸ ಶುರು ಮಾಡಿದೆ. ಅಮ್ಮ ಮಧ್ಯೆ ಬಾಯಿ ಹಾಕಿ, "ಅದ್ರಲ್ಲಿ ವಿಷ ಇದೆಯಮ್ಮ, ಕೊಡಲ್ಲ" ಅಂತ ಎರಡೇ ಮಾತಲ್ಲಿ ಮುಗಿಸಿದಳು.

ಮುಂದಿನ ಭಾನುವಾರ ಗುಜರಿಯವನು ಬಂದ. ಅಮ್ಮನೇ ಗೂಡನ್ನ ಲಿಫ್ಟಿನಲ್ಲಿ ಇಳಿಸ್ಕೊಂಡು ಹೋದಳು, ನಾನು ಹಿಂದೆ ಓಡಿದೆ. ಅವನು ತಕ್ಕಡಿಗೆ ಸಿಕ್ಕಿಸಿ, "ಆರು ಕೇಜಿ ಕಬ್ಬಿಣ" ಅಂದ.

"ಬರೀ ಕಬ್ಬಿಣ ಅಲ್ಲಪ್ಪ ಅದು. ಪೀಣ್ಯದಲ್ಲಿ ಪ್ಲೇಟಿಂಗ್ ಮಾಡಿರೋದು, ಎರಡು ಸಲ. ಸರಿಯಾಗಿ ನೋಡಿ ರೇಟ್ ಹಾಕು" ಅಂತ ಅಮ್ಮ ಸೆರಗು ಸಿಕ್ಕಿಸಿ ನಿಂತಳು. ಹತ್ತು ನಿಮಿಷ ಚೌಕಾಸಿ ಆಯ್ತು. ಇಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟ.